ಕೊನೆಯ ಹನಿ: ಖಿನ್ನತೆಯ ಮಾತ್ರೆ ಬಿಡುವುದು ಯಾಕಿಷ್ಟು ಕಷ್ಟ?



2025ರಲ್ಲಿ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಆರು ತಿಂಗಳ ಅಂತರದಲ್ಲಿ ಎರಡು ಸುದ್ದಿಗಳು ಬಂದವು. ಜನವರಿಯಲ್ಲಿ ಬಂದದ್ದು ಅಮೆರಿಕದ್ದು. ಆಗ ಆರೋಗ್ಯ ಸಚಿವ ಸ್ಥಾನಕ್ಕೆ ಹೆಸರು ಸೂಚಿತವಾಗಿದ್ದ ರಾಬರ್ಟ್ ಎಫ್. ಕೆನಡಿ ಜೂನಿಯರ್ ಸೆನೆಟ್ ಸಮಿತಿಯ ಮುಂದೆ ಕುಳಿತು, ಹೆರಾಯಿನ್ ಬಿಡುವುದಕ್ಕಿಂತ ಖಿನ್ನತೆಯ ಮಾತ್ರೆ ಬಿಡುವುದಕ್ಕೆ ಹೆಚ್ಚು ಒದ್ದಾಡಿದವರು ತಮ್ಮ ಕುಟುಂಬದಲ್ಲೇ ಇದ್ದಾರೆ ಎಂದಿದ್ದರು. ಜುಲೈಯಲ್ಲಿ ಬಂದದ್ದು ನಮ್ಮ ಲಂಡನ್ನಿನದು. 'ಜಾಮಾ ಸೈಕಿಯಾಟ್ರಿ' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಲ್ಲಿನ ಸಂಶೋಧಕರು ಬರೆದ ಲೇಖನದ ಪ್ರಕಾರ, ಈ ಮಾತ್ರೆ ಬಿಟ್ಟ ಹೆಚ್ಚಿನವರಿಗೆ ಗಂಭೀರ ತೊಂದರೆ ಏನೂ ಆಗುವುದಿಲ್ಲವಂತೆ.

ಮೊದಲನೆಯ ಸುದ್ದಿಗೆ ಗುಂಪಿನಲ್ಲಿ "ಅಯ್ಯೋ, ಇಂಥ ಮಾತ್ರೆ ಮುಟ್ಟಲೇಬಾರದು" ಎಂಬ ಉತ್ತರಗಳು ಬಂದವು. ಎರಡನೆಯದಕ್ಕೆ "ನೋಡಿ, ಎಲ್ಲಾ ಮನಸ್ಸಿನ ಆಟ ಅಷ್ಟೇ" ಎಂದರು. ಬರೆದವರು ಬಹುಪಾಲು ಅವರೇ!

ನಾವು ಎರಡಕ್ಕೂ ಏನೂ ಬರೆಯಲಿಲ್ಲ. ಎರಡನೆಯ ಸುದ್ದಿ ಬಂದಾಗ ನಮ್ಮ ಮನೆಯಲ್ಲೇ ಅಂಥದೊಂದು ಮಾತ್ರೆಯನ್ನು ಪೂರ್ತಿ ಬಿಟ್ಟು ಇನ್ನೂ ತಿಂಗಳೂ ಆಗಿರಲಿಲ್ಲ. ಬಿಡುವುದಕ್ಕೆ ಹಿಡಿದದ್ದು ಹದಿನಾರು ತಿಂಗಳು. ನಾವಿಬ್ಬರೂ ಸಾಫ್ಟ್‌ವೇರ್ ಕೆಲಸದವರು, ವಯಸ್ಸು ಮೂವತ್ತು ದಾಟಿದೆ. ಮಾತ್ರೆ ತೆಗೆದುಕೊಂಡವರು ನಮ್ಮಿಬ್ಬರಲ್ಲಿ ಯಾರು ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಮುಂದಿನ ಯುಗಾದಿ ಊಟದ ಪಂಕ್ತಿಯಲ್ಲಿ ಆ ಒಬ್ಬರ ಕಡೆಗೇ ಎಲ್ಲರ ಕಣ್ಣು ಹೋಗುತ್ತದೆ. ಇಬ್ಬರ ಮೇಲೂ ಅರ್ಧರ್ಧ ಅನುಮಾನ ಇರಲಿ, ಹೊರೆ ಹಂಚಿಕೊಂಡ ಹಾಗಾಗುತ್ತದೆ.

ನಾವು ವೈದ್ಯರಲ್ಲ. ಈ ಬರಹ ವೈದ್ಯರ ಸಲಹೆಗೆ ಬದಲಿಯೂ ಅಲ್ಲ. ಆದರೆ ಈ ವಿಷಯದಲ್ಲಿ ವೈದ್ಯಲೋಕದ ತಿಳಿವಳಿಕೆ ಕಳೆದ ಕೆಲವು ವರ್ಷಗಳಲ್ಲಿ ಬಹಳ ಬದಲಾಗಿದೆ. ಆ ಬದಲಾವಣೆ ನಮ್ಮ ಮನೆಗಳ ತನಕ ಬಂದಿಲ್ಲ. ಅದಕ್ಕಾಗಿ ಈ ಪ್ರಯತ್ನ.

ಮದುವೆ ಮನೆಯಲ್ಲಿ ನಡೆದದ್ದು

ಮೊದಲು ನಮ್ಮ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇವೆ. 2021ರ ಚಳಿಗಾಲ. ಲಾಕ್‌ಡೌನ್, ಮನೆಯಿಂದಲೇ ಕೆಲಸ, ಊರಿನಲ್ಲಿ ಒಂದು ಸಾವು, ಹೋಗಲಾಗದ ವಿಮಾನ. ನಮ್ಮಲ್ಲಿ ಒಬ್ಬರಿಗೆ ನಿದ್ದೆ ಹೋಯಿತು, ಊಟ ಹೋಯಿತು, ಆಮೇಲೆ ಮಾತೂ ಹೋಯಿತು. ಇಲ್ಲಿನ ಜಿಪಿ ಸಿಟಾಲೊಪ್ರಾಮ್ 20 ಮಿಲಿಗ್ರಾಂ ಬರೆದುಕೊಟ್ಟರು. ಎರಡು ತಿಂಗಳಲ್ಲಿ ಮನುಷ್ಯರಂತಾದರು. ಆ ಮಾತ್ರೆ ನಮ್ಮ ಸಂಸಾರವನ್ನು ಉಳಿಸಿತು ಎಂದರೆ ತಪ್ಪಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದಿನ ಮಾತುಗಳನ್ನು ಓದಿ ಯಾರೂ ಮಾತ್ರೆಯೇ ಕೆಟ್ಟದ್ದು ಎಂದುಕೊಳ್ಳಬಾರದು.

2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತಮ್ಮನ ಮದುವೆ. ನಾಲ್ಕು ವಾರ ರಜೆ. ಸೂಟ್‌ಕೇಸ್ ಕಟ್ಟುವಾಗ ಮಾತ್ರೆಯ ಪ್ಯಾಕೆಟ್ ಕೈಗೆ ಬಂತು. ಊರಿನಲ್ಲಿ ಅಮ್ಮಂದಿರ ಕೈಗೆ ಇದು ಸಿಕ್ಕರೆ? "ಇದ್ಯಾತಕ್ಕೆ?" ಎಂದರೆ ಏನು ಹೇಳುವುದು? ಹೇಗೂ ಎರಡು ವರ್ಷದಿಂದ ಆರಾಮಾಗಿದ್ದೇವೆ, ಊರಿಗೆ ಹೋಗುವ ಖುಷಿ ಬೇರೆ ಇದೆ. ಪ್ಯಾಕೆಟ್ಟನ್ನು ಕಪಾಟಿನಲ್ಲೇ ಬಿಟ್ಟು ಬಾಗಿಲು ಹಾಕಿದೆವು. ಇಬ್ಬರೂ ಸೇರಿಯೇ ಮಾಡಿದ ತೀರ್ಮಾನ.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ತಲೆ ಪಕ್ಕಕ್ಕೆ ತಿರುಗಿಸಿದರೆ ತಲೆಯೊಳಗೆ ಸಣ್ಣಗೆ ಕರೆಂಟ್ ಹೊಡೆದ ಹಾಗೆ. ನಡೆದರೆ ದೋಣಿಯಲ್ಲಿ ನಡೆದ ಹಾಗೆ. ರಾತ್ರಿ ಭಯಾನಕ ಕನಸುಗಳು, ಬೆವರು. "ಜೆಟ್ ಲ್ಯಾಗ್ ಅಷ್ಟೇ, ಮಲಗಿದ್ರೆ ಸರಿಹೋಗತ್ತೆ" ಎಂದರು ದೊಡ್ಡಪ್ಪ. ಇನ್ನೊಬ್ಬರು ಗ್ಯಾಸ್ಟ್ರಿಕ್ ಎಂದರು. ಅಮ್ಮ ದೃಷ್ಟಿ ತೆಗೆದರು. ವಾರದ ಕೊನೆಗೆ ಕಾರಣವಿಲ್ಲದ ಅಳು, ಕಾರಣವಿಲ್ಲದ ಸಿಟ್ಟು. ಧಾರೆಯ ದಿನ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದಾಗ ಒಬ್ಬರು ಛತ್ರದ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದರು, ಇನ್ನೊಬ್ಬರು ಬಾಗಿಲ ಹೊರಗೆ ಕಾವಲು. ಒಳಗಿನವರು ಆಗ ಆಡಿದ ಒಂದು ಮಾತು ನಮ್ಮಿಬ್ಬರಿಗೂ ಇಂದಿಗೂ ನೆನಪಿದೆ: "ಕಾಯಿಲೆ ವಾಪಸ್ ಬಂತು. ಇದು ಜನ್ಮಕ್ಕೆ ಬಿಡಲ್ಲ."

ಮದುವೆ ಮುಗಿದ ಮೇಲೆ ಪಕ್ಕದ ರಸ್ತೆಯ ಹಿರಿಯ ವೈದ್ಯರೊಬ್ಬರ ಹತ್ತಿರ ಹೋದೆವು. ಎಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು. "ಇತ್ತೀಚೆಗೆ ಯಾವುದಾದ್ರೂ ಮಾತ್ರೆ ನಿಲ್ಲಿಸಿದೀರಾ?" ಅದೇ ಮಾತ್ರೆಯನ್ನು ಮತ್ತೆ ಬರೆದುಕೊಟ್ಟರು. ಮೂರನೆಯ ದಿನಕ್ಕೆ ಕರೆಂಟ್ ಹೊಡೆಯುವುದು ನಿಂತಿತು. ಐದನೆಯ ದಿನ ತಮ್ಮನ ಬೀಗರ ಮನೆಯಲ್ಲಿ ಹೋಳಿಗೆ ಊಟ ಮಾಡಿದೆವು.

ಖಿನ್ನತೆ ಮರುಕಳಿಸಿದ್ದರೆ ಮೂರು ದಿನದಲ್ಲಿ ಹೋಗುತ್ತಿರಲಿಲ್ಲ. ನಾವು ಕಂಡದ್ದು ಕಾಯಿಲೆಯನ್ನಲ್ಲ. ಮದ್ದು ಹಠಾತ್ತಾಗಿ ನಿಂತಾಗ ದೇಹ ಹೂಡಿದ ಮುಷ್ಕರವನ್ನು. ಇಂಗ್ಲಿಷಿನಲ್ಲಿ ಇದಕ್ಕೆ ವಿತ್‌ಡ್ರಾಯಲ್ ಎನ್ನುತ್ತಾರೆ.

ಒಪ್ಪಿಕೊಳ್ಳಲು ಹಿಡಿದ ಕಾಲ

ಇದು ಹೊಸ ವಿಷಯವೇನಲ್ಲ. ಪ್ರೊಜ್ಯಾಕ್‌ನಂಥ ಮಾತ್ರೆಗಳು 1980ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದವು. ಬಿಟ್ಟಾಗ ತೊಂದರೆಯಾಗುತ್ತದೆ ಎಂಬ ವರದಿಗಳು 1990ರ ದಶಕದಲ್ಲೇ ಬಂದವು. 2002ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಸೆರೊಕ್ಸಾಟ್ ಎಂಬ ಮಾತ್ರೆಯ ಬಗ್ಗೆ ಪ್ರಸಾರವಾದಾಗ ಇಂಥದೇ ಅನುಭವದ ಸಾವಿರಾರು ಜನ ಬಿಬಿಸಿಗೆ ಕರೆ ಮಾಡಿದರು, ಬರೆದರು. ಆದರೂ ವೈದ್ಯಲೋಕದಲ್ಲಿ ಇದಕ್ಕೆ ಬಳಕೆಯಾದ ಹೆಸರು 'ಡಿಸ್‌ಕಂಟಿನ್ಯುಯೇಷನ್ ಸಿಂಡ್ರೋಮ್'. ವಿತ್‌ಡ್ರಾಯಲ್ ಎಂದರೆ ಜನರಿಗೆ ಕುಡಿತ, ಅಫೀಮು ನೆನಪಾಗುತ್ತದೆ. ಹೆಸರು ಮೆತ್ತಗಾದರೆ ಭಯವೂ ಮೆತ್ತಗಾಗುತ್ತದೆ ಎಂಬ ಲೆಕ್ಕ ಇರಬೇಕು.

ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಸಂಸ್ಥೆ ನೈಸ್. ಅದರ 2009ರ ಮಾರ್ಗಸೂಚಿಯಲ್ಲಿ ಈ ತೊಂದರೆ ಸಾಮಾನ್ಯವಾಗಿ ಸಣ್ಣದು, ಸುಮಾರು ಒಂದು ವಾರದಲ್ಲಿ ತಾನಾಗಿಯೇ ಹೋಗುತ್ತದೆ ಎಂದಿತ್ತು. 2018ರ ಆರಂಭದಲ್ಲಿ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್‌ನ ಹಿರಿಯರು ಪತ್ರಿಕೆಗೆ ಬರೆದ ಪತ್ರದಲ್ಲೂ ಬಹುಪಾಲು ಜನರಿಗೆ ಎರಡು ವಾರದೊಳಗೆ ಸರಿಹೋಗುತ್ತದೆ ಎಂದಿದ್ದರು. ಇದನ್ನು ಓದಿದ ಅನೇಕರು ತಮ್ಮ ತಿಂಗಳುಗಟ್ಟಲೆಯ ಅನುಭವ ಹಿಡಿದುಕೊಂಡು ದೂರು ಕೊಟ್ಟರು. 2019ರ ಮೇ ತಿಂಗಳಲ್ಲಿ ಅದೇ ಕಾಲೇಜು ನಿಲುವು ಬದಲಿಸಿ, ಕೆಲವರಿಗೆ ಈ ತೊಂದರೆ ತೀವ್ರವಾಗಿರಬಹುದು, ಬಹಳ ಕಾಲ ಉಳಿಯಬಹುದು ಎಂದು ಒಪ್ಪಿಕೊಂಡಿತು. 2020ರಲ್ಲಿ, ಮಾತ್ರೆ ನಿಧಾನವಾಗಿ ಬಿಡುವುದು ಹೇಗೆ ಎಂಬ ಕೈಪಿಡಿಯನ್ನೇ ಹೊರತಂದಿತು. ನೈಸ್ ಕೂಡ 2019ರಲ್ಲಿ ತಿದ್ದಿಕೊಂಡು 2022ರಲ್ಲಿ ಪೂರ್ತಿ ಹೊಸ ಮಾರ್ಗಸೂಚಿ ಕೊಟ್ಟಿತು. ಬಿಡುವುದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕಾಗಬಹುದು ಎಂಬ ಮಾತು ಈಗ ಅದರಲ್ಲೇ ಇದೆ. ಬಿಡುವ ವೇಗವನ್ನು ಮಾತ್ರೆ ತೆಗೆದುಕೊಳ್ಳುವವರ ಜೊತೆ ಮಾತಾಡಿ, ಅವರು ಒಪ್ಪಿದ ಹಾಗೆ ನಿರ್ಧರಿಸಬೇಕು ಎಂದೂ ಇದೆ.

ಇದು ಎಷ್ಟು ಜನರ ಪ್ರಶ್ನೆ? ಇಂಗ್ಲೆಂಡ್ ಒಂದರಲ್ಲೇ 2022-23ರಲ್ಲಿ ಖಿನ್ನತೆಯ ಮಾತ್ರೆ ಪಡೆದವರು ಸುಮಾರು 86 ಲಕ್ಷ. ಅವರಲ್ಲಿ ನಮ್ಮವರು ಇಲ್ಲ ಎಂದುಕೊಳ್ಳುವುದು ಬರೀ ಭ್ರಮೆ. ನಮ್ಮ ದೀಪಾವಳಿ ಸಮಾರಂಭಕ್ಕೆ ಇನ್ನೂರು ಜನ ಬಂದರೆ ಅವರಲ್ಲಿ ಹಲವರ ಕಪಾಟಿನಲ್ಲಿ ಈ ಮಾತ್ರೆ ಇದ್ದೀತು. ಪಕ್ಕದಲ್ಲಿ ಕುಳಿತವರಿಗೂ ಗೊತ್ತಿರುವುದಿಲ್ಲ, ಅಷ್ಟೇ.

ಎರಡೂ ಸುದ್ದಿಗಳ ಲೆಕ್ಕ

ಹಾಗಾದರೆ 2025ರ ಜುಲೈ ಸುದ್ದಿ ಸುಳ್ಳೇ? ಸುಳ್ಳಲ್ಲ. ಆದರೆ ತಲೆಬರಹ ಹೇಳಿದಷ್ಟು ಸರಳವೂ ಅಲ್ಲ. ಆ ಲೇಖನ 50 ಅಧ್ಯಯನಗಳನ್ನು, ಹದಿನೇಳು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟು ಮಾಡಿ ನೋಡಿತ್ತು. ಮಾತ್ರೆ ಬಿಟ್ಟವರಿಗೆ ಮೊದಲ ವಾರದಲ್ಲಿ, ಬಿಡದವರಿಗಿಂತ ಸರಾಸರಿ ಒಂದು ಲಕ್ಷಣ ಹೆಚ್ಚು ಕಂಡಿತು. ತಲೆಸುತ್ತು, ವಾಕರಿಕೆ, ಚಡಪಡಿಕೆ ಇಂಥವು. ಸರಾಸರಿಯ ಮಟ್ಟಿಗೆ ಅದು ಗಂಭೀರ ಅನ್ನುವ ಗೆರೆಗಿಂತ ಕೆಳಗೇ ಉಳಿಯಿತು.

ತೊಡಕು ಇರುವುದು ಒಂದು ಕಡೆ. ಈ ಅಧ್ಯಯನಗಳಲ್ಲಿ ಬಹಳಷ್ಟರಲ್ಲಿ ಜನ ಮಾತ್ರೆ ತೆಗೆದುಕೊಂಡದ್ದೇ ಎರಡು ಮೂರು ತಿಂಗಳು. ನಿಜ ಜೀವನದಲ್ಲಿ ನಮ್ಮಂಥವರು ತೆಗೆದುಕೊಳ್ಳುವುದು ಎರಡು, ಐದು, ಹತ್ತು ವರ್ಷ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ಪ್ರೋಗ್ರಾಮನ್ನು ಹತ್ತು ನಿಮಿಷ ಓಡಿಸಿ ಮೆಮೊರಿ ಲೀಕ್ ಇಲ್ಲ ಎಂದು ಷರಾ ಬರೆದ ಹಾಗೆ. ಹತ್ತು ನಿಮಿಷದ ಮಟ್ಟಿಗೆ ಷರಾ ಸರಿ. ವರ್ಷಗಟ್ಟಲೆ ಓಡುವ ಸರ್ವರ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. 2025ರಲ್ಲೇ ಇಲ್ಲಿನ ಸಂಶೋಧಕರು 310 ಜನರನ್ನು ಕೇಳಿ ಮಾಡಿದ ಇನ್ನೊಂದು ಸಮೀಕ್ಷೆಯಲ್ಲಿ, ಎರಡು ವರ್ಷ ಮೀರಿ ಮಾತ್ರೆ ತೆಗೆದುಕೊಂಡವರಿಗೆ ಆರು ತಿಂಗಳೊಳಗೆ ಬಿಟ್ಟವರಿಗಿಂತ ತೊಂದರೆಯ ಸಾಧ್ಯತೆ ಹಲವು ಪಟ್ಟು ಹೆಚ್ಚು ಕಂಡಿತು. ಅದು ಸಣ್ಣ ಸಮೀಕ್ಷೆ, ತಾವಾಗಿ ಉತ್ತರ ಕೊಟ್ಟವರ ಮಾತು. ಅದೇ ಕೊನೆಯ ಮಾತಲ್ಲ. ಆದರೂ ದಿಕ್ಕು ತೋರಿಸುತ್ತದೆ.

ಒಟ್ಟು ಅಂದಾಜೂ ಹೀಗೇ ಎಳೆದಾಡುತ್ತಿದೆ. 2018ರಲ್ಲಿ ಬಂದ ಒಂದು ಪರಿಶೀಲನೆ ಅರ್ಧಕ್ಕಿಂತ ಹೆಚ್ಚು ಜನರಿಗೆ ತೊಂದರೆ ಎಂದಿತು. ಅದರಲ್ಲಿ ಸೇರಿದ್ದ ಸಮೀಕ್ಷೆಗಳಿಗೆ ತೊಂದರೆಯಾದವರೇ ಹೆಚ್ಚಾಗಿ ಉತ್ತರ ಕೊಟ್ಟಿರಬಹುದು ಎಂಬ ಟೀಕೆ ಬಂತು. 2024ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ' ಪತ್ರಿಕೆಯಲ್ಲಿ ಬಂದ ಜರ್ಮನ್ ತಂಡದ ಪರಿಶೀಲನೆ 79 ಅಧ್ಯಯನಗಳನ್ನು ನೋಡಿತು. ಮಾತ್ರೆ ಬಿಟ್ಟವರಲ್ಲಿ ಶೇ. 31ರಷ್ಟು ಜನ ತೊಂದರೆ ಹೇಳಿದರೆ, ಬರೀ ಸಕ್ಕರೆ ಗುಳಿಗೆ ಬಿಟ್ಟವರಲ್ಲೂ ಶೇ. 17ರಷ್ಟು ಜನ ಹೇಳಿದರು! ಕಳೆದು ನೋಡಿದರೆ ಆರೇಳು ಜನರಲ್ಲಿ ಒಬ್ಬರಿಗೆ ನಿಜವಾದ ತೊಂದರೆ, ಸುಮಾರು 35 ಜನರಲ್ಲಿ ಒಬ್ಬರಿಗೆ ತೀವ್ರ ತೊಂದರೆ.

ಈ ಕಡಿಮೆ ಅಂದಾಜನ್ನೇ ಒಪ್ಪೋಣ. 86 ಲಕ್ಷ ಜನ ತೆಗೆದುಕೊಳ್ಳುವ ಮಾತ್ರೆಗೆ ಆ ಲೆಕ್ಕ ಹಾಕಿ ನೋಡಿ. ತೀವ್ರ ತೊಂದರೆಯ ಪಾಲೇ ಎರಡು ಲಕ್ಷ ದಾಟುತ್ತದೆ. ಆದ್ದರಿಂದ "ಹೆಚ್ಚಿನವರಿಗೆ ಏನೂ ಆಗುವುದಿಲ್ಲ" ಎನ್ನುವುದೂ ನಿಜ, "ಲಕ್ಷಾಂತರ ಜನ ಒದ್ದಾಡಬಹುದು" ಎನ್ನುವುದೂ ನಿಜ.

ಹೆರಾಯಿನ್ ಮಾತು ಬೇರೆ. ಚಟ ಎಂದರೆ ವಸ್ತುವಿನ ಹಿಂದೆ ಮನಸ್ಸು ಓಡುವುದು, ಹೆಚ್ಚು ಹೆಚ್ಚು ಬೇಕೆನ್ನುವುದು, ಅದಕ್ಕಾಗಿ ಮನೆಮಠ ಮಾರುವುದು. ಈ ಮಾತ್ರೆಗೆ ಯಾರೂ ಹಾಗೆ ಆಸೆಪಡುವುದಿಲ್ಲ. ಆದರೆ ದೇಹ ಅದಕ್ಕೆ ಹೊಂದಿಕೊಂಡಿರುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳನ್ನೂ ಒಮ್ಮೆಲೇ ನಿಲ್ಲಿಸಬಾರದು ಎನ್ನುತ್ತಾರಲ್ಲ, ಹಾಗೆ. ಅದನ್ನು ನಾವು ಚಟ ಎನ್ನುವುದಿಲ್ಲ. "ಚಟ ಹತ್ತುತ್ತೆ, ಬೇಡ" ಎಂದು ಹೆದರಿಸಿ ಮಾತ್ರೆ ಬೇಕಾದವರನ್ನೂ ತಡೆಯುವ ಹಿರಿಯರಿಗೆ ಈ ವ್ಯತ್ಯಾಸ ಹೇಳಬೇಕಾಗಿದೆ.

ಅರ್ಧ ಎಂದರೆ ಅರ್ಧವಲ್ಲ

ಊರಿನಿಂದ ಬಂದ ಮೇಲೆ ಇಲ್ಲಿನ ವೈದ್ಯರೊಬ್ಬರನ್ನು ಕೇಳಿದೆವು. "ಎರಡು ವಾರ ಅರ್ಧ ಮಾತ್ರೆ, ಆಮೇಲೆ ನಿಲ್ಲಿಸಿ" ಎಂದರು. ಮದುವೆ ಮನೆ ಕಣ್ಣಮುಂದೆ ಬಂತು. ಒಪ್ಪಲಿಲ್ಲ. ಆಮೇಲೆ ಸಿಕ್ಕ ಒಬ್ಬ ಫಾರ್ಮಸಿಸ್ಟ್ ರಾಯಲ್ ಕಾಲೇಜಿನ ಕೈಪಿಡಿಯನ್ನು ಮುಂದಿಟ್ಟು ಕುಳಿತುಕೊಂಡು ವಿವರಿಸಿದರು. ಅವರು ತೋರಿಸಿದ ಒಂದು ಗ್ರಾಫ್ ನಮ್ಮ ಕಣ್ಣು ತೆರೆಸಿತು.

ನಮ್ಮ ನರಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಗೆ ಬಿಡುತ್ತವೆ, ಮತ್ತೆ ಒಳಗೆ ಎಳೆದುಕೊಳ್ಳುತ್ತವೆ. ಎಳೆದುಕೊಳ್ಳುವ ಬಾಗಿಲುಗಳ ಮೇಲೆ ಈ ಮಾತ್ರೆ ಹೋಗಿ ಕೂರುತ್ತದೆ, ಬಾಗಿಲು ಮುಚ್ಚುತ್ತದೆ. ಸಿಟಾಲೊಪ್ರಾಮ್ 20 ಮಿಲಿಗ್ರಾಂ ತೆಗೆದುಕೊಂಡರೆ ನೂರರಲ್ಲಿ ಸುಮಾರು 80 ಬಾಗಿಲು ಮುಚ್ಚುತ್ತವೆ. ಹಾಗಾದರೆ 10 ಮಿಲಿಗ್ರಾಂಗೆ 40 ಎಂದುಕೊಂಡಿರಾ? ನಾವೂ ಹಾಗೇ ಎಂದುಕೊಂಡಿದ್ದೆವು. ಅಲ್ಲ, 70ಕ್ಕಿಂತ ಸ್ವಲ್ಪ ಹೆಚ್ಚು. ಅದರ ಅರ್ಧ 5 ಮಿಲಿಗ್ರಾಂಗೆ 60ರ ಹತ್ತಿರ. ಅದರ ಅರ್ಧ ಎರಡೂವರೆಗೆ 40ರ ಆಸುಪಾಸು. 20 ಬಾಗಿಲಿಗೆ ಇಳಿಯಬೇಕಾದರೆ 0.8 ಮಿಲಿಗ್ರಾಂ, ಹತ್ತಕ್ಕೆ ಇಳಿಯಬೇಕಾದರೆ 0.37 ಮಿಲಿಗ್ರಾಂ.

ಇದರ ಅರ್ಥ ಇಷ್ಟು. 20ರಿಂದ 10 ಮಿಲಿಗ್ರಾಂಗೆ ಇಳಿದಾಗ ಮೆದುಳಿಗೆ ಒಂದು ಮೆಟ್ಟಿಲು ಇಳಿದ ಅನುಭವ. ಎರಡೂವರೆಯಿಂದ ಸೊನ್ನೆಗೆ ಹೋದರೆ ನಾಲ್ಕು ಮೆಟ್ಟಿಲ ಮೇಲಿಂದ ಧುಮುಕಿದ ಹಾಗೆ. ನೋಡುವುದಕ್ಕೆ ಮಾತ್ರೆಯ ಒಂದು ಚೂರು ಅಷ್ಟೇ. ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಎಂಬ ಇಬ್ಬರು ಈ ಲೆಕ್ಕವನ್ನು 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಮಂಡಿಸಿದರು. ಹೊರೊವಿಟ್ಜ್ ಸ್ವತಃ ಇಂಥ ಮಾತ್ರೆ ಬಿಡಲು ಹೋಗಿ ಪೆಟ್ಟು ತಿಂದವರು. "ಅರ್ಧದ ತನಕ ಸಲೀಸಾಗಿ ಬಂದೆ, ಕೊನೆಯಲ್ಲಿ ಬಿದ್ದೆ" ಎನ್ನುವವರು ದುರ್ಬಲರಲ್ಲ. ಅವರಿಗೆ ಕೊನೆಯ ಮೆಟ್ಟಿಲು ಎಷ್ಟು ಎತ್ತರ ಎಂದು ಯಾರೂ ಹೇಳಿರಲಿಲ್ಲ.

ಆದ್ದರಿಂದಲೇ ನೈಸ್ ಈಗ ಹೇಳುವುದು: ಪ್ರತಿ ಸಲ ಆಗ ತೆಗೆದುಕೊಳ್ಳುತ್ತಿರುವ ಪ್ರಮಾಣದ ಒಂದು ಭಾಗವನ್ನು, ಉದಾಹರಣೆಗೆ ಅರ್ಧವನ್ನು, ಕಡಿಮೆ ಮಾಡಿ. ಕೆಳಗೆ ಬಂದಂತೆ ಕಾಲು ಭಾಗದಂತೆ ಇನ್ನೂ ಸಣ್ಣ ಹೆಜ್ಜೆ ಇಡಿ. ಮಾತ್ರೆ ಒಡೆದು ಸಾಧ್ಯವಾಗದಿದ್ದರೆ ದ್ರವರೂಪದ ಔಷಧಿ ಬಳಸಿ.

ನಾವು ಮಾಡಿದ್ದೂ ಇದನ್ನೇ. 2024ರ ಫೆಬ್ರವರಿಯಲ್ಲಿ ಹೊರಟೆವು. 20, 15, 10, ಏಳೂವರೆ, 5. ಪ್ರತಿ ಸಲ ಒಂದೂವರೆ ಎರಡು ತಿಂಗಳು ನಿಂತು, ನಿದ್ದೆ, ತಲೆಸುತ್ತು, ಸಿಟ್ಟು ಮೂರಕ್ಕೂ ಅಂಕ ಹಾಕಿ ಎಕ್ಸೆಲ್‌ನಲ್ಲಿ ಬರೆದೆವು. ಅಂಕ ಇಳಿಯದಿದ್ದರೆ ಮುಂದಕ್ಕೆ ಹೋಗಲಿಲ್ಲ. ಒಮ್ಮೆ ಹಿಂದಕ್ಕೂ ಹೋದೆವು. ಆಮೇಲೆ ಹನಿಗಳಿಗೆ ಬದಲಾದೆವು. ಇಲ್ಲಿ ಸಿಗುವ ಸಿಟಾಲೊಪ್ರಾಮ್ ಹನಿಯ ನಾಲ್ಕು ಹನಿ ಎಂದರೆ 10 ಮಿಲಿಗ್ರಾಂ ಮಾತ್ರೆಗೆ ಸಮ. ಎರಡು ಹನಿ, ಒಂದೂವರೆ ಹನಿ, ಒಂದು ಹನಿ. ಒಂದು ಹನಿಗೂ ಕೆಳಗೆ ಹೋಗಲು ಫಾರ್ಮಸಿಸ್ಟ್ ಹೇಳಿಕೊಟ್ಟ ಅಳತೆಯಲ್ಲಿ ನೀರಿಗೆ ಬೆರೆಸಿ ಸಿರಿಂಜಿನಲ್ಲಿ ಅಳೆಯಬೇಕಾಯಿತು. ಆ ಕೊನೆಯ ಒಂದು ಹನಿಯನ್ನು ಬಿಡುವುದಕ್ಕೇ ಐದು ತಿಂಗಳು. ಮೊದಲ 10 ಮಿಲಿಗ್ರಾಂ ಬಿಟ್ಟದ್ದು ನಾಲ್ಕೇ ತಿಂಗಳಲ್ಲಿ!

ಇದು ನಮ್ಮ ಲೆಕ್ಕ, ನಿಮ್ಮದಲ್ಲ. ಮಾತ್ರೆಯಿಂದ ಮಾತ್ರೆಗೆ, ಮನುಷ್ಯರಿಂದ ಮನುಷ್ಯರಿಗೆ ಬೇರೆಯಾಗುತ್ತದೆ. ಫ್ಲುಆಕ್ಸೆಟಿನ್ ದೇಹದಲ್ಲಿ ವಾರಗಟ್ಟಲೆ ಉಳಿಯುತ್ತದೆ, ತಾನಾಗಿ ನಿಧಾನಕ್ಕೆ ಇಳಿಯುತ್ತದೆ. ಪರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬೇಗ ಇಳಿದುಹೋಗುತ್ತವೆ, ಅವುಗಳನ್ನು ಬಿಡುವುದು ಹೆಚ್ಚು ಕಷ್ಟ. ನಿಧಾನವಾಗಿ ಕರಗುವ ಕ್ಯಾಪ್ಸೂಲ್‌ಗಳನ್ನು ಪುಡಿ ಮಾಡುವ ಹಾಗಿಲ್ಲ. ಅನೇಕರು ಹೇಳುವ "ದಿನ ಬಿಟ್ಟು ದಿನ ತಗೊಳ್ಳಿ" ಎಂಬ ಉಪಾಯ ಬೇಗ ಇಳಿಯುವ ಮಾತ್ರೆಗಳಿಗೆ ಹೊಂದುವುದಿಲ್ಲ. ಒಂದು ದಿನ ಏರಿ ಮರುದಿನ ಇಳಿದು ಮೆದುಳಿಗೆ ಉಯ್ಯಾಲೆಯಾಗುತ್ತದೆ.

ನಮ್ಮ ಸೂಟ್‌ಕೇಸಿನ ಸಮಸ್ಯೆ

ಇಷ್ಟು ಇಲ್ಲಿಯ ಮಾತು. ಅನಿವಾಸಿ ಕನ್ನಡಿಗರಾದ ನಮಗೆ ಇದರ ಜೊತೆಗೆ ನಮ್ಮದೇ ಆದ ತೊಡಕುಗಳಿವೆ.

ಮೊದಲನೆಯದು ಊರಿನ ಮಾತ್ರೆ. ಇಲ್ಲಿನ ಜಿಪಿ ದಾಖಲೆಯಲ್ಲಿ ಹೆಸರು ಬರುವುದು ಬೇಡ ಎಂದು ಅನೇಕರು ಭಾರತಕ್ಕೆ ಹೋದಾಗ ಅಲ್ಲಿಯ ವೈದ್ಯರಿಂದ ಬರೆಸಿಕೊಂಡು ಆರು ತಿಂಗಳಿಗಾಗುವಷ್ಟು ತರುತ್ತಾರೆ. ಮುಗಿದರೆ ಬರುವವರ ಕೈಲಿ ತರಿಸುತ್ತಾರೆ. ಬರುವವರ ಪ್ರಯಾಣ ಮುಂದಕ್ಕೆ ಹೋದರೆ? ಮಾತ್ರೆ ಒಮ್ಮೆಲೇ ನಿಲ್ಲುತ್ತದೆ. ಇಲ್ಲಿನ ವೈದ್ಯರಿಗೆ ಏನೂ ಗೊತ್ತಿಲ್ಲ, ಊರಿನ ವೈದ್ಯರು ಸಾವಿರಾರು ಮೈಲಿ ದೂರ.

ಎರಡನೆಯದು ಜೋಡಿ ಮಾತ್ರೆ. ಭಾರತದಲ್ಲಿ ಎಸಿಟಾಲೊಪ್ರಾಮ್ ಮತ್ತು ಕ್ಲೋನಾಜೆಪಾಮ್ ಎರಡೂ ಸೇರಿದ ಒಂದೇ ಮಾತ್ರೆ ಬಹಳ ಬಳಕೆಯಲ್ಲಿದೆ. "ನಿದ್ದೆ ಚೆನ್ನಾಗಿ ಬರತ್ತೆ" ಎಂದು ತೆಗೆದುಕೊಳ್ಳುವವರಿಗೆ ಒಳಗೆ ಎರಡು ಔಷಧಿ ಇವೆ ಎಂಬುದೇ ತಿಳಿದಿರುವುದಿಲ್ಲ. ಕ್ಲೋನಾಜೆಪಾಮ್ ಬೇರೆಯೇ ಗುಂಪಿನದು. ದಿನವೂ ತೆಗೆದುಕೊಂಡು ಹಠಾತ್ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಬ್ರಿಟನ್ನಿನಲ್ಲಿ ಅದು ನಿಯಂತ್ರಿತ ಔಷಧಿ. ಗಲ್ಫ್ ದೇಶಗಳಲ್ಲಿ ಇನ್ನೂ ಕಟ್ಟುನಿಟ್ಟು. ಯುಎಇಗೆ ಒಯ್ಯುವುದಾದರೆ ಮೊದಲೇ ಅನುಮತಿ ಪಡೆದಿರಬೇಕು. ದುಬೈ ಮೂಲಕ ಹೋಗಿ ಬರುವವರು, ಅಲ್ಲಿ ನೆಂಟರ ಮನೆಯಲ್ಲಿ ಇಳಿಯುವವರು ಇದನ್ನು ಗಮನಿಸಬೇಕು. ಮಾತ್ರೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಿ.

ಮೂರನೆಯದು ನಮ್ಮನ್ನು ನೋಡಲು ಬರುವ ಅಪ್ಪ ಅಮ್ಮ. ಆರು ತಿಂಗಳಿಗೆಂದು ಬರುತ್ತಾರೆ. ಬಿಪಿ, ಶುಗರ್ ಮಾತ್ರೆಗಳನ್ನು ಲೆಕ್ಕ ಹಾಕಿ ಡಬ್ಬಿಯಲ್ಲಿ ತುಂಬಿಕೊಂಡು ಬರುವವರು ಇದೊಂದನ್ನು ಮಗ, ಸೊಸೆ, ಅಳಿಯನಿಂದ ಮುಚ್ಚಿಡುತ್ತಾರೆ. ಮೂರನೆಯ ತಿಂಗಳಲ್ಲಿ ಮುಗಿಯುತ್ತದೆ. ಆಮೇಲೆ ತಲೆಸುತ್ತು, ನಿದ್ದೆಯಿಲ್ಲ, "ನಮ್ಮನ್ನ ಊರಿಗೆ ಕಳಿಸಿಬಿಡಿ" ಎಂಬ ಹಠ. ಚಳಿಗೆ, ಒಂಟಿತನಕ್ಕೆ, ಇಲ್ಲಿಯ ಊಟಕ್ಕೆ ಎಂದು ನಾವು ಕಾರಣ ಹುಡುಕುತ್ತೇವೆ. ಇದರಲ್ಲಿ ಕೆಲವು ಸಲವಾದರೂ ಕಾರಣ ಖಾಲಿಯಾದ ಸ್ಟ್ರಿಪ್ ಇರಬಹುದು. ಇಂಗ್ಲೆಂಡಿನಲ್ಲಿ ಪ್ರವಾಸಕ್ಕೆ ಬಂದವರನ್ನೂ ಜಿಪಿ ಹಣವಿಲ್ಲದೆ ನೋಡುತ್ತಾರೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಈ ಮೂರರ ಹಿಂದೆ ಇರುವುದು ಒಂದೇ, ಗುಟ್ಟು. "ಯಾರಿಗೂ ಹೇಳಬೇಡ" ಎಂಬ ಮಾತೇ ನಮ್ಮವರಿಗೆ ಎರಡು ಸಲ ಪೆಟ್ಟು ಕೊಡುತ್ತದೆ. ಒಮ್ಮೆ ಮಾತ್ರೆ ಶುರುಮಾಡುವಾಗ, ಇನ್ನೊಮ್ಮೆ ಬಿಡುವಾಗ. ನಮ್ಮ ಪ್ಯಾಕೆಟ್ ಕಪಾಟಿನಲ್ಲಿ ಉಳಿದದ್ದು ಮರೆವಿನಿಂದಲ್ಲ, ಈ ಗುಟ್ಟಿನಿಂದ.

ಮರುಕಳಿಕೆಯೋ, ಬಿಟ್ಟ ತೊಂದರೆಯೋ?

ಇವೆರಡನ್ನು ಬೇರೆ ಮಾಡಿ ನೋಡುವುದು ಮುಖ್ಯ. ವೈದ್ಯರು ಸಾಮಾನ್ಯವಾಗಿ ನೋಡುವುದು ಮೂರು ಸಂಗತಿ. ಒಂದು, ಯಾವಾಗ ಶುರುವಾಯಿತು? ಬಿಟ್ಟ ತೊಂದರೆ ಹೆಚ್ಚಾಗಿ ಪ್ರಮಾಣ ಇಳಿಸಿದ ಕೆಲವೇ ದಿನಗಳಲ್ಲಿ ಬರುತ್ತದೆ. ಕಾಯಿಲೆ ಮರುಕಳಿಸುವುದಕ್ಕೆ ವಾರ, ತಿಂಗಳು ಬೇಕು. ಎರಡು, ಲಕ್ಷಣ ಎಂಥದು? ತಲೆಯೊಳಗೆ ಕರೆಂಟ್, ತಲೆಸುತ್ತು, ವಾಕರಿಕೆ, ಜ್ವರ ಬಂದ ಹಾಗೆ ಮೈಕೈ ನೋವು ಖಿನ್ನತೆಯ ಲಕ್ಷಣಗಳಲ್ಲ. ಮೂರು, ಮಾತ್ರೆಯನ್ನು ಮತ್ತೆ ತೆಗೆದುಕೊಂಡರೆ ಎಷ್ಟು ಬೇಗ ಸರಿಹೋಗುತ್ತದೆ? ಕೆಲವು ದಿನಗಳಲ್ಲಿ ಹೋದರೆ ಅದು ಬಿಟ್ಟ ತೊಂದರೆಯೇ ಇರಬೇಕು. ಇದು ತಿಳಿಯದೆ, ಪ್ರತಿ ಸಲ ಬಿಡಲು ಹೋಗಿ "ಕಾಯಿಲೆ ಇನ್ನೂ ಇದೆ" ಎಂದು ವರ್ಷಗಟ್ಟಲೆ ಮುಂದುವರಿಸುವವರು ಇದ್ದಾರೆ.

ಹಾಗೆಂದು ಎಲ್ಲರೂ ಬಿಡಬೇಕೆಂದಿಲ್ಲ. 2021ರಲ್ಲಿ ಬ್ರಿಟನ್ನಿನ 150 ಜಿಪಿ ಕೇಂದ್ರಗಳ 478 ಜನರ ಮೇಲೆ ನಡೆದ ಆಂಟ್ಲರ್ ಎಂಬ ಪ್ರಯೋಗದ ಫಲಿತಾಂಶ ಬಂತು. ಎಲ್ಲರೂ ದೀರ್ಘಕಾಲ ಮಾತ್ರೆ ತೆಗೆದುಕೊಂಡು, ಈಗ ಬಿಡಬಹುದು ಅನ್ನಿಸಿದ್ದವರು. ಒಂದು ವರ್ಷದೊಳಗೆ, ಬಿಟ್ಟವರಲ್ಲಿ ಶೇ. 56ರಷ್ಟು ಜನರಿಗೆ ಖಿನ್ನತೆ ಮರುಕಳಿಸಿತು, ಮುಂದುವರಿಸಿದವರಲ್ಲಿ ಶೇ. 39ರಷ್ಟು ಜನರಿಗೆ. ಅಂದರೆ ಬಿಡುವುದರಲ್ಲಿ ನಿಜವಾದ ಅಪಾಯವಿದೆ. ಬಿಟ್ಟರೂ ನೂರಕ್ಕೆ 44 ಜನ ಚೆನ್ನಾಗಿದ್ದರು ಎಂಬುದೂ ಅದೇ ಲೆಕ್ಕ. ನಿಧಾನವಾಗಿ ಇಳಿಸುತ್ತಾ ಜೊತೆಗೆ ಆಪ್ತಸಮಾಲೋಚನೆಯ ಬೆಂಬಲ ಇದ್ದರೆ ಮರುಕಳಿಕೆ ಕಡಿಮೆ ಎಂದು 2025ರ ಕೊನೆಯಲ್ಲಿ ಬಂದ ದೊಡ್ಡ ಪರಿಶೀಲನೆಯೊಂದು ಹೇಳಿದೆ. ಹಿಂದೆ ಹಲವು ಸಲ ತೀವ್ರ ಖಿನ್ನತೆ ಬಂದವರಿಗೆ ಮಾತ್ರೆ ಮುಂದುವರಿಸುವುದೇ ಜಾಣತನ ಇರಬಹುದು. ಅದು ಸೋಲಲ್ಲ. ಕನ್ನಡಕ ಹಾಕುವವರನ್ನು ಯಾರೂ ಸೋತವರು ಎನ್ನುವುದಿಲ್ಲವಷ್ಟೇ.

ಬಿಡುವ ಯೋಚನೆ ಇದ್ದರೆ ನಮ್ಮ ಅನುಭವದಿಂದ ನಾಲ್ಕು ಮಾತು. ವೈದ್ಯರಿಗೆ ಹೇಳದೆ ಒಂದು ಮಾತ್ರೆಯನ್ನೂ ಕಡಿಮೆ ಮಾಡಬೇಡಿ. ಊರಿನ ಪ್ರಯಾಣ, ಮನೆ ಬದಲಾವಣೆ, ಹೆರಿಗೆ, ಕೆಲಸ ಹೋಗುವ ಭಯ ಇರುವ ಸಮಯದಲ್ಲಿ ಶುರುಮಾಡಬೇಡಿ. ಪ್ರಯಾಣಕ್ಕೆ ಹೊರಟರೆ ಮಾತ್ರೆಯನ್ನು ಚೀಟಿಯ ಸಮೇತ ಕೈಚೀಲದಲ್ಲೇ ಇಡಿ. ಮತ್ತು ಮನೆಯಲ್ಲಿ ಕನಿಷ್ಠ ಒಬ್ಬರಿಗೆ ಹೇಳಿ. ನಮ್ಮ ಎಕ್ಸೆಲ್ ಹಾಳೆಯಲ್ಲಿ ಸಿಟ್ಟಿನ ಅಂಕ ಹಾಕುತ್ತಿದ್ದವರು ಮಾತ್ರೆ ಬಿಡುತ್ತಿದ್ದವರಲ್ಲ, ಇನ್ನೊಬ್ಬರು. ಸ್ವಂತ ಸಿಟ್ಟು ಸ್ವಂತಕ್ಕೆ ಕಾಣುವುದಿಲ್ಲ ನೋಡಿ!

ಬದುಕೇ ಬೇಡ ಎಂಬ ಯೋಚನೆ ಬಂದರೆ ಒಂದು ಗಂಟೆಯೂ ಕಾಯಬೇಡಿ. ಇಂಗ್ಲೆಂಡಿನಲ್ಲಿ 111ಕ್ಕೆ ಕರೆ ಮಾಡಿ 2 ಒತ್ತಿದರೆ ಮಾನಸಿಕ ಆರೋಗ್ಯದ ತಂಡ ಸಿಗುತ್ತದೆ. ಸಮಾರಿಟನ್ಸ್ ಸಂಖ್ಯೆ 116 123. ಅಮೆರಿಕದಲ್ಲಿ 988. ಆಸ್ಟ್ರೇಲಿಯಾದಲ್ಲಿ 13 11 14. ಊರಿನಲ್ಲಿರುವ ನಿಮ್ಮವರಿಗೆ ಟೆಲಿ ಮಾನಸ್ 14416. 2022ರಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಒಂದು ಮಾತು. 2025ರ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನಿಗೆ ಎಲ್ಲ ಹೇಳಿದೆವು. ಬೈಯುತ್ತಾರೆ ಎಂದುಕೊಂಡಿದ್ದೆವು. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಳಗೆ ಹೋಗಿ ಬೀರುವಿನ ಸೀರೆಗಳ ಕೆಳಗಿನಿಂದ ಒಂದು ಸ್ಟ್ರಿಪ್ ತಂದು ನಮ್ಮ ಮುಂದಿಟ್ಟರು. ಅಪ್ಪ ಹೋದಾಗಿನಿಂದ ತೆಗೆದುಕೊಳ್ಳುತ್ತಿದ್ದಾರಂತೆ. "ನಿಮ್ಮ ಮನೆಗೆ ಬಂದಾಗ ಮುಗಿದುಹೋಗಿತ್ತು. ಅದಕ್ಕೇ ಆ ಸಲ ಬೇಗ ಊರಿಗೆ ಹೊರಟಿದ್ದು" ಎಂದರು. ಅವರ ಹಠಕ್ಕೆ ಇಂಗ್ಲೆಂಡಿನ ಚಳಿ ಕಾರಣ ಎಂದು ನಾವು ಎಷ್ಟೋ ವರ್ಷ ನಂಬಿದ್ದೆವು.

ಅಮ್ಮನಿಗೆ ಬಿಡುವ ಅವಸರವೇನೂ ಇಲ್ಲ, ಅವರ ವೈದ್ಯರೂ ಬೇಡ ಎಂದಿದ್ದಾರೆ. ಆದರೆ ಸ್ಟ್ರಿಪ್ ಈಗ ಸೀರೆಯ ಕೆಳಗಿಲ್ಲ. ಬಿಪಿ ಮಾತ್ರೆಯ ಡಬ್ಬಿಯಲ್ಲಿ, ಊಟದ ಮೇಜಿನ ಮೇಲಿದೆ. ನಿಮ್ಮ ಮನೆಯಲ್ಲೂ ಅದು ಅಲ್ಲಿಗೆ ಬರಲಿ. ಬಿಡುವವರು ಮೆಲ್ಲಗೆ ಬಿಡಲಿ, ಬೇಕಾದವರು ಧೈರ್ಯವಾಗಿ ಮುಂದುವರಿಸಲಿ. ನಿಧಾನವೇ ಪ್ರಧಾನ ಎಂದು ನಮ್ಮೂರ ರಸ್ತೆಗಳಲ್ಲಿ ಬರೆದಿರುತ್ತಾರಲ್ಲ, ಈ ದಾರಿಗೂ ಅದೇ ಬೋರ್ಡ್ ಸಾಕು.